ಅಚ್ಚಿನ ಯಾಥಾರ್ಥ್ಯ: ಹಲ್ಲು ಕಟ್ಟುವ ವಿದ್ಯೆಯ ಇತಿಹಾಸದಲ್ಲೊಂದು ವಿಚಾರ

ಶಾಸನಾಭ್ಯಾಸಿಗಳಿಗೆ ‘ಅಚ್ಚು’ ಎಂಬ ಮಾತು ಚಿರಪರಿಚಿತವಾದುದು. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಗಡುಸಾದ ಕುಂಚದಿಂದ ಬಡಿದು ಅಕ್ಷರಗಳ ಕುಳಿಗಳೊಳಕ್ಕೆ ಇಳಿಸಿ, ಮೇಲೆ ಮಸಿಯುಂಡೆಯನ್ನು ಒತ್ತಿದರೆ ಕರಿಯ ನೆಲದಲ್ಲಿ ಬಿಳಿಯ ಬರೆಹವು ಮೂಡುವುದು. ಚಾಲುಕ್ಯರ ಕಾಲದ ಶಾಸನಗಳು ‘ಅಳಂದೆ ಸಾಸಿರ’ವೆಂದು ಕರೆದಿರುವ ಈ ಆಳಂದದ ಸೀಮೆಯಲ್ಲಾಗಲಿ ಬೇರೆಲ್ಲಿಯೇ ಆಗಲಿ, ಅಂಥ ಕಾಗದವನ್ನು ಬಿಡಿಸಿಕೊಂಡು ಓದಲು ಕುಳಿತವರೆಲ್ಲರೂ ಒಂದು ಸಂಶಯಕ್ಕೆ ಒಳಗಾಗಿಯೇ ಇರುವರು. ಎದುರಿಗೆ ಕಾಣುವ ಬೊಟ್ಟು ಅನುಸ್ವಾರವೋ, ಕಲ್ಲಿನಲ್ಲಿ ತಾನಾಗಿ ಬಿದ್ದ ಕುಳಿಯೋ? ಈ ಗೆರೆಯು ದೀರ್ಘದ ಗುರುತೋ, ಬಿರುಕೋ? ಅಂದರೆ, ಅಚ್ಚು ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿದೆ?

ಇದೇ ಪ್ರಶ್ನೆಯನ್ನು ನಮಗಿಂತಲೂ ಕಟುವಾಗಿ ಕೇಳಿಕೊಳ್ಳುತ್ತ ಬಂದಿರುವ ಇನ್ನೊಂದು ವಿದ್ಯೆಯುಂಟು. ಅದು ದಂತವೈದ್ಯ. ನಮ್ಮ ಅಚ್ಚು ತಪ್ಪಿದರೆ ಒಬ್ಬ ಸಾಮಂತನ ಹೆಸರು ಕೆಡುವುದು. ಅವರ ಅಚ್ಚು ತಪ್ಪಿದರೆ ಬದುಕಿರುವ ಮನುಷ್ಯನ ದವಡೆಯೆಲುಬು ಕೆಡುವುದು. ಈ ಲೇಖಕನಿಗೆ ಆ ವಿಷಯದ ಪರಿಚಯವಾದುದು ತನ್ನ ಬಾಯಿಯ ಮೂಲಕವೇ. ಕೆಳದವಡೆಯ ಎರಡು ಹಲ್ಲುಗಳು ಹೋದ ಮೇಲೆ ಟೈಟಾನಿಯಮ್ ಲೋಹದ ಬೇರುಗಳನ್ನು ನೆಡಿಸಿಕೊಂಡು, ಅವು ಎಲುಬಿನಲ್ಲಿ ಕೂಡಿಕೊಂಡ ತರುವಾಯ, ಹಲ್ಲಿನ ಅಳತೆಗಾಗಿ ಹೋದಾಗ ವೈದ್ಯರು, “ಅಚ್ಚು ತೆಗೆಯಲೋ, ಸ್ಕ್ಯಾನ್ ಮಾಡಲೋ?” ಎಂದು ಕೇಳಿದರು. “ಎರಡರಲ್ಲಿ ಯಾವುದು ನಿಜ?” ಎಂದು ನಾನು ಕೇಳಿದೆ. ಅವರು ನಕ್ಕು, “ಎಷ್ಟು ದೂರದ ಮಾತು ಎಂಬುದರ ಮೇಲಿದೆ, ಗುರುಗಳೇ” ಎಂದರು. ಆ ಉತ್ತರದ ಅರ್ಥವನ್ನು ಹುಡುಕುತ್ತ ಹೋದುದರ ಫಲವೇ ಈ ಲೇಖನ. ಲೇಖಕನು ವೈದ್ಯನಲ್ಲವಾದುದರಿಂದ ಇಲ್ಲಿ ಚಿಕಿತ್ಸೆಯ ಉಪದೇಶವಿಲ್ಲ. ಅಚ್ಚಿನ ಚರಿತ್ರೆ ಮಾತ್ರವಿದೆ.

ಬಹುಕಾಲ ಹಲ್ಲು ಕಟ್ಟುವವರಿಗೆ ಅಚ್ಚಿನ ಕಲ್ಪನೆಯೇ ಇರಲಿಲ್ಲ. ಎಲುಬನ್ನೋ ದಂತವನ್ನೋ ಕೆತ್ತಿ, ಬಾಯಿಯಲ್ಲಿಟ್ಟು ನೋಡಿ, ತಾಗಿದಲ್ಲಿ ಕೆರೆದು, ಮತ್ತೆ ಇಟ್ಟು ನೋಡುತ್ತಿದ್ದರು. ಇದು ಕಣ್ಣಂದಾಜಿನ ನಕಲು. ವಾಲ್ಟರ್ ಎಲಿಯಟ್ಟನ ಕಾಲದಲ್ಲಿ ಕಲ್ಲಿನ ಮುಂದೆ ಕುಳಿತು ಕೈಯಿಂದ ಬರೆದುಕೊಂಡ ಶಾಸನಪಾಠಗಳ ಜಾತಿಯದು. ಪ್ರಷ್ಯದ ದೊರೆ ಫ್ರೆಡರಿಕನ ದಂತವೈದ್ಯನಾಗಿದ್ದ ಫಿಲಿಪ್ ಫಾಫನು 1756ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೆತ್ತನೆಯ ಮೇಣವನ್ನು ದವಡೆಗೆ ಒತ್ತಿ ಅಚ್ಚು ತೆಗೆದು, ಅದರೊಳಗೆ ಪ್ಲಾಸ್ಟರನ್ನು ಎರೆದು ಪಡಿಮಾದರಿಯನ್ನು ಪಡೆಯುವ ಕ್ರಮವನ್ನು ವಿವರಿಸಿದನು. ಬಾಯಿಯ ತಗ್ಗುದಿಣ್ಣೆಗಳು ಬಾಯಿಯ ಹೊರಗೆ, ಮೇಜಿನ ಮೇಲೆ, ರೋಗಿಯಿಲ್ಲದೆಯೇ ಪರೀಕ್ಷೆಗೆ ದೊರೆಯುವಂತಾದುದು ಇದರಿಂದ. ಶಾಸನವು ಹೊಲದ ಕಲ್ಲಿನಿಂದ ವಿದ್ವಾಂಸನ ಮೇಜಿಗೆ ಬಂದಷ್ಟೇ ದೊಡ್ಡ ಬದಲಾವಣೆಯಿದು.

ಆದರೆ ಮೇಣವು ಬಾಯಿಂದ ಹೊರತೆಗೆಯುವಾಗ ಎಳೆದುಕೊಂಡು ಆಕಾರಗೆಡುವುದು. ಅದಕ್ಕಾಗಿ 1840ರ ದಶಕದಲ್ಲಿ ಕೆಲವರು ಪ್ಲಾಸ್ಟರನ್ನೇ ನೇರವಾಗಿ ಬಾಯಿಯೊಳಗೆ ಇಡಲಾರಂಭಿಸಿದರು. ಪ್ಲಾಸ್ಟರು ಆಕಾರವನ್ನು ಬಿಡಲೊಲ್ಲದು. ಆದರೆ ಗಟ್ಟಿಯಾದ ಮೇಲೆ ಬಳುಕಲೂ ಒಲ್ಲದು. ಹಲ್ಲಿನ ಸಂದುಗಳಲ್ಲಿ ಸಿಕ್ಕಿಕೊಂಡ ಅಚ್ಚನ್ನು ತುಂಡುತುಂಡಾಗಿ ಒಡೆದು ಹೊರತೆಗೆದು, ಹೊರಗೆ ಒಡಕುಮಡಕೆಯ ಚೂರುಗಳಂತೆ ಜೋಡಿಸಬೇಕಾಗುತ್ತಿತ್ತು. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ಟೆಂಟನು ಬಿಸಿನೀರಿನಲ್ಲಿ ಮೆತ್ತಗಾಗಿ ಬಾಯಿಯಲ್ಲಿ ಆರಿ ಗಟ್ಟಿಯಾಗುವ ಒಂದು ಮಿಶ್ರಣವನ್ನು ಸಿದ್ಧಪಡಿಸಿದನು. ಇಂದು ಹೃದಯದ ನಾಳಗಳಲ್ಲಿ ಇರಿಸುವ ಸಲಕರಣೆಯ ಹೆಸರು ಈ ಹಲ್ಲಿನ ವೈದ್ಯನ ಹೆಸರೇ ಎಂಬುದು ಶಬ್ದಚರಿತ್ರೆಯಲ್ಲಿ ಆಸಕ್ತಿಯಿರುವವರಿಗೆ ವಿನೋದವಾಗಿ ತೋರಬಹುದು.

ಬಳುಕುವ ಅಚ್ಚು ದೊರೆತುದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಸಮುದ್ರದ ಪಾಚಿಯಿಂದ. ವಿಯೆನ್ನಾದ ಆಲ್ಫೋನ್ಸ್ ಪೋಲರನು 1925ರಲ್ಲಿ ಅಗರ್ ಎಂಬ ಪಾಚಿಯ ಅಂಟನ್ನು ಅಚ್ಚಿಗೆ ಬಳಸುವ ಉಪಾಯವನ್ನು ತೋರಿಸಿದನು. ಅಗರ್ ಬಹುಮಟ್ಟಿಗೆ ಜಪಾನಿನಿಂದ ಬರುತ್ತಿದ್ದ ವಸ್ತು. ಎರಡನೆಯ ಮಹಾಯುದ್ಧದಲ್ಲಿ ಅದರ ಪೂರೈಕೆ ನಿಂತಾಗ ಬೇರೆ ಜಾತಿಯ ಪಾಚಿಯಿಂದ ಪಡೆದ ಆಲ್ಜಿನೇಟು ಅದರ ಸ್ಥಾನಕ್ಕೆ ಬಂದಿತು. ಇಂದಿಗೂ ನಮ್ಮ ಊರುಗಳಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡವರು ಬಾಯಿತುಂಬ ಕಚ್ಚಿ ಹಿಡಿದ, ಹಿಟ್ಟಿನಂತೆ ಕಲಸಿದ ಆ ತಣ್ಣನೆಯ ಮುದ್ದೆಯು ಇದೇ. ಇದರ ದೋಷವನ್ನು ಆಳಂದದವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಇದರಲ್ಲಿ ನೀರಿನ ಅಂಶವೇ ಹೆಚ್ಚು. ಗಾಳಿಗಿಟ್ಟರೆ ಒಣಗಿ ಕುಗ್ಗುವುದು, ನೀರಿನಲ್ಲಿಟ್ಟರೆ ಉಬ್ಬುವುದು. ಚೈತ್ರ ವೈಶಾಖಗಳಲ್ಲಿ ಉಷ್ಣಮಾನವು 40 ಅಂಶಗಳನ್ನು ದಾಟುವ ಈ ನಾಡಿನಲ್ಲಿ, ಅಚ್ಚು ತೆಗೆದ ಊರು ಒಂದು, ಎರಕ ಹೊಯ್ಯುವ ಊರು ಇನ್ನೊಂದು ಎಂದಾದರೆ, ಕಲಬುರಗಿಯವರೆಗಿನ ಮೋಟಾರು ಪ್ರಯಾಣವೇ ಅಚ್ಚನ್ನು ಕೆಡಿಸಲು ಸಾಕು. ಆಮೇಲೆ ಬಂದ ರಬ್ಬರಿನಂಥ ದ್ರವ್ಯಗಳು, ಅಂದರೆ 1965ರ ಪಾಲಿಈಥರೂ 1970ರ ದಶಕದ ಸಿಲಿಕೋನುಗಳೂ, ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿದುವು. ಒಳ್ಳೆಯ ಸಿಲಿಕೋನಿನ ಅಚ್ಚು ಹಲವು ದಿನ ಇಟ್ಟರೂ ಆಕಾರವನ್ನು ಉಳಿಸಿಕೊಳ್ಳುವುದು.

ಇಷ್ಟರಲ್ಲಿ ಅಚ್ಚಿನಿಂದ ಅಪೇಕ್ಷಿಸುವ ನಿಷ್ಠೆಯೇ ಬದಲಾಗಿಹೋಯಿತು. ಸ್ವೀಡನ್ನಿನ ಲುಂಡ್ ನಗರದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕನು 1952ರಲ್ಲಿ ಮೊಲದ ಕಾಲೆಲುಬಿನೊಳಗೆ ಟೈಟಾನಿಯಮ್ಮಿನ ಚಿಕ್ಕ ಕೋಶವನ್ನಿರಿಸಿ ರಕ್ತಸಂಚಾರವನ್ನು ನೋಡುತ್ತಿದ್ದನು. ಪ್ರಯೋಗ ಮುಗಿದು ಅದನ್ನು ತೆಗೆಯಹೋದರೆ ಎಲುಬು ಲೋಹವನ್ನು ಬಿಡಲೊಲ್ಲದಾಯಿತು. ಅನ್ಯವಸ್ತುವನ್ನು ಹೊರಕ್ಕೆ ತಳ್ಳಬೇಕಾದ ಶರೀರವು ಇದನ್ನು ತನ್ನದೆಂದೇ ಅಪ್ಪಿಕೊಂಡಿತ್ತು. 1965ರಲ್ಲಿ ಯಟೆಬೊರಿಯಲ್ಲಿ ಆತನು ಗೊಸ್ಟಾ ಲಾರ್ಸನ್ ಎಂಬ ರೋಗಿಯ ದವಡೆಯಲ್ಲಿ ಇಂಥ ಬೇರುಗಳನ್ನು ಮೊತ್ತಮೊದಲು ನೆಟ್ಟನು. 1982ರ ಟೊರಾಂಟೋ ಸಮ್ಮೇಲನದ ತರುವಾಯ ಈ ಪದ್ಧತಿಗೆ ಜಗತ್ತಿನ ದಂತವೈದ್ಯರ ಮನ್ನಣೆ ದೊರೆಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಏಕೆಂದರೆ ಅಚ್ಚಿನ ವಿವಾದವೆಲ್ಲ ಈ ಒಂದು ಅಂಶದಿಂದಲೇ ಹುಟ್ಟಿದುದು. ಸಹಜವಾದ ಹಲ್ಲು ಎಲುಬಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ನಾರಿನ ತೆಳ್ಳನೆಯ ಹಾಸು ಇರುವುದು. ಅಗಿಯುವ ಭಾರಕ್ಕೆ ಹಲ್ಲು ತನ್ನ ಗೂಡಿನಲ್ಲಿ 25ರಿಂದ 100 ಮೈಕ್ರಾನುಗಳಷ್ಟು ಕುಸಿಯಬಲ್ಲುದು. ಒಂದು ಮೈಕ್ರಾನ್ ಎಂದರೆ ಮಿಲ್ಲಿಮೀಟರಿನ ಸಾವಿರದ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನೆಟ್ಟ ಬೇರಿಗೆ ಈ ನಾರಿನ ಹಾಸು ಇಲ್ಲ; ಅದು 3ರಿಂದ 5 ಮೈಕ್ರಾನಿಗಿಂತ ಹೆಚ್ಚಾಗಿ ಕದಲದು. ಆದುದರಿಂದ ಸಹಜ ಹಲ್ಲುಗಳ ಮೇಲೆ ಕೂರಿಸಿದ ಸೇತುವೆಯಲ್ಲಿ ಅಲ್ಪಸ್ವಲ್ಪ ತಪ್ಪಿದ್ದರೆ ಹಲ್ಲುಗಳೇ ತುಸು ಸರಿದು ಅದನ್ನು ಸಹಿಸಿಕೊಳ್ಳುವುವು. ನೆಟ್ಟ ಬೇರುಗಳು ಹಾಗೆ ಸಹಿಸವು. ಅಚ್ಚಿನಲ್ಲಿ ತಪ್ಪಿದ ಅಂತರವನ್ನು ತಿರುಪು ಬಿಗಿದು ಮುಚ್ಚಿದರೆ ಆ ಸೆಳೆತವೆಲ್ಲ ಲೋಹದಲ್ಲಿಯೂ ಎಲುಬಿನಲ್ಲಿಯೂ ನೆಲೆಸುವುದು. ತಿರುಪು ಸಡಿಲವಾಗುವುದು, ಮುರಿಯುವುದು, ಮೇಲಿನ ಪಿಂಗಾಣಿ ಸೀಳುವುದು ಮೊದಲಾದುವು ಅದರ ಫಲಗಳು. ಹೊಲ ಒತ್ತೆಯಿಟ್ಟೋ ಮಗನ ಸಂಬಳ ಉಳಿಸಿಯೋ ಹಲ್ಲು ಕಟ್ಟಿಸಿಕೊಂಡವನಿಗೆ ಇದು ಮೈಕ್ರಾನುಗಳ ಲೆಕ್ಕವಾಗಿ ಉಳಿಯುವುದಿಲ್ಲ.

ಹಾಗಾದರೆ ಎಷ್ಟು ತಪ್ಪನ್ನು ಸಹಿಸಬಹುದು? ಬ್ರೋನೆಮಾರ್ಕನು 10 ಮೈಕ್ರಾನ್ ಎಂದನು. 1991ರಲ್ಲಿ ಅದೇ ಸ್ವೀಡನ್ನಿನ ಟೋರ್ಸ್ಟನ್ ಯೆಮ್ಟನು 150 ಮೈಕ್ರಾನ್ ಎಂದನು. ಒಂದೇ ದೇಶದ ಇಬ್ಬರು ಪ್ರಾಮಾಣಿಕರು ಒಂದೇ ವಿಷಯದಲ್ಲಿ ಹದಿನೈದು ಪಟ್ಟು ಭಿನ್ನವಾದ ಸಂಖ್ಯೆಗಳನ್ನು ಹೇಳಿದರೆಂದರೆ, ಆ ಸಂಖ್ಯೆಗಳು ಪ್ರಮಾಣಸಿದ್ಧವಾದುವಲ್ಲ, ಅನುಭವಿಗಳ ಅಂದಾಜು ಎಂದೇ ನನ್ನ ಅಭಿಪ್ರಾಯ. ಇದನ್ನು ಮರೆತು ಹತ್ತಿಪ್ಪತ್ತು ಮೈಕ್ರಾನುಗಳ ವ್ಯತ್ಯಾಸಕ್ಕಾಗಿ ಸೋಲುಗೆಲವನ್ನು ಸಾರುವ ಲೇಖನಗಳು ಬಹಳವಿವೆ.

ಹಳೆಯ ಕ್ರಮದಲ್ಲಿ ಬೇರುಗಳ ಸ್ಥಾನವನ್ನು ಹಿಡಿಯುವ ಬಗೆ ಹೀಗೆ: ಪ್ರತಿಯೊಂದು ಬೇರಿಗೂ ಒಂದು ಲೋಹದ ಗೂಟವನ್ನು ತಿರುಪಿನಿಂದ ಕೂರಿಸಿ, ಮೇಲೆ ಕಿಂಡಿಯಿರುವ ತಟ್ಟೆಯಲ್ಲಿ ಸಿಲಿಕೋನನ್ನು ತುಂಬಿ ಒತ್ತುವರು. ಅದು ಗಟ್ಟಿಯಾದ ಮೇಲೆ ಕಿಂಡಿಯೊಳಗಿಂದ ತಿರುಪುಗಳನ್ನು ಬಿಚ್ಚಿದರೆ ಗೂಟಗಳು ಅಚ್ಚಿನೊಡನೆಯೇ ಹೊರಬರುವುವು. ಬೇರುಗಳು ನಾಲ್ಕಾರು ಇದ್ದರೆ ಗೂಟಗಳನ್ನು ರಾಳದಿಂದ ಒಂದಕ್ಕೊಂದು ಬೆಸೆಯುವರು. ರಾಳವೂ ಆರುವಾಗ ಕುಗ್ಗುವುದಾದುದರಿಂದ ಅದನ್ನು ನಡುವೆ ಕತ್ತರಿಸಿ, ಕುಗ್ಗುವಷ್ಟು ಕುಗ್ಗಲು ಬಿಟ್ಟು, ಸಣ್ಣ ಸಂದಿಯನ್ನು ಮತ್ತೆ ರಾಳದಿಂದ ತುಂಬುವರು. ಇಲ್ಲಿಯ ವಿಶೇಷವೇನೆಂದರೆ, ದವಡೆಯ ಎಡದ ತುದಿಯಿಂದ ಬಲದ ತುದಿಯವರೆಗಿನ ಎಲ್ಲ ಬೇರುಗಳ ಪರಸ್ಪರ ಸಂಬಂಧವೂ ಏಕಕಾಲದಲ್ಲಿ, ಒಂದೇ ಮುದ್ದೆಯಲ್ಲಿ ಸೆರೆಯಾಗುವುದು. ತಪ್ಪು ಬರುವುದು ದ್ರವ್ಯದಿಂದ: ಸಿಲಿಕೋನು ಅಷ್ಟಿಷ್ಟು ಕುಗ್ಗುವುದು, ಅದರೊಳಗೆ ಎರೆದ ಗಟ್ಟಿ ಪ್ಲಾಸ್ಟರು ನೂರಕ್ಕೆ 0.1ರವರೆಗೆ ಹಿಗ್ಗುವುದು. ಒಂದು ತಪ್ಪು ಇನ್ನೊಂದನ್ನು ಭಾಗಶಃ ತಿದ್ದುವುದೆಂಬುದು ಹಳಬರ ಪುಣ್ಯ.

ಅಚ್ಚಿಗೆ ದ್ರವ್ಯವೇ ಬೇಡ, ಬೆಳಕೇ ಸಾಕು ಎಂಬ ವಿಚಾರವನ್ನು ಫ್ರಾನ್ಸಿನ ಫ್ರಾಂಸ್ವಾ ದ್ಯೂರೆ ಎಂಬ ತರುಣನು 1973ರ ತನ್ನ ಪ್ರಬಂಧದಲ್ಲಿ ಮಂಡಿಸಿದನು. ಅದು ಕಾರ್ಯಕ್ಕೆ ಬಂದುದು ಜ್ಯೂರಿಕ್ಕಿನಲ್ಲಿ. ಅಲ್ಲಿ 1985ರಲ್ಲಿ ವೆರ್ನರ್ ಮೋರ್ಮನನು ಬಾಯಿಯೊಳಗಿನ ಕ್ಯಾಮೆರಾದಿಂದ ಹಲ್ಲಿನ ಕುಳಿಯ ಅಳತೆ ಹಿಡಿದು, ಯಂತ್ರದಿಂದ ಪಿಂಗಾಣಿಯ ತುಂಡನ್ನು ಕೊರೆಸಿ, ಒಂದೇ ಬೈಠಕ್ಕಿನಲ್ಲಿ ಕೂರಿಸಿದನು. ಈಗಿನ ಸ್ಕ್ಯಾನರು ಬರೆಯುವ ಪೆನ್ನಿಗಿಂತ ತುಸು ದಪ್ಪನಾದ ಒಂದು ದಂಡ. ಇದರ ಕಣ್ಣಿಗೆ ಒಂದು ಸಲಕ್ಕೆ ಕಾಣುವುದು ಒಂದೆರಡು ಹಲ್ಲುಗಳಷ್ಟು ಎಡೆ ಮಾತ್ರ. ದಂಡವು ಮುಂದೆ ಸರಿದಂತೆ ಹೊಸ ಚಿತ್ರದ ಅಂಚನ್ನು ಹಳೆಯ ಚಿತ್ರದ ಅಂಚಿಗೆ ಹೊಂದಿಸಿ ಗಣಕಯಂತ್ರವು ಹೊಲಿಯುತ್ತ ಹೋಗುವುದು. ನೆಟ್ಟ ಬೇರುಗಳ ಮೇಲೆ ಗೊತ್ತಾದ ಆಕಾರದ ಗುರುತುಗೂಟಗಳನ್ನು ಕೂರಿಸಿರುವರು. ಅವುಗಳ ಮೂಲರೂಪವು ಯಂತ್ರದ ಸ್ಮೃತಿಯಲ್ಲಿರುವುದರಿಂದ, ಕಂಡ ಭಾಗದಿಂದ ಕಾಣದ ಬೇರಿನ ನೆಲೆಯನ್ನು ಅದು ಊಹಿಸುವುದು.

ವೈದ್ಯರು ‘ದೂರದ ಮಾತು’ ಎಂದುದರ ಮರ್ಮವು ಈ ಹೊಲಿಗೆಯಲ್ಲಿದೆ. ಒಂದೊಂದು ಹೊಲಿಗೆಯ ತಪ್ಪೂ ಅತ್ಯಲ್ಪ. ಆದರೆ ಎಡಗೊನೆಯಿಂದ ಬಲಗೊನೆಗೆ ಹೋಗುವಷ್ಟರಲ್ಲಿ ಅವು ಕೂಡುತ್ತ ಹೋಗುವುವು. ಈ ವ್ಯಾಧಿಯೂ ಅದರ ಮದ್ದೂ ನಮ್ಮ ನೆರೆಯ ಬೀದರದಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಕಂಡುಬಂದಿದ್ದುವು. ವಿಲಿಯಮ್ ಲ್ಯಾಂಬ್ಟನನು 1802ರಲ್ಲಿ ಮದರಾಸಿನ ಬಳಿ ಒಂದು ಆಧಾರರೇಖೆಯನ್ನು ಸರಪಣಿಯಿಂದ ಅಳೆದು, ಅದರ ಮೇಲೆ ತ್ರಿಕೋಣಕ್ಕೆ ತ್ರಿಕೋಣವನ್ನು ಹೆಣೆಯುತ್ತ ದೇಶದ ಮೋಜಣಿಯನ್ನು ಬೆಳೆಸಿಕೊಂಡು ಬಂದನು. ಪ್ರತಿಯೊಂದು ತ್ರಿಕೋಣವೂ ಹಿಂದಿನದರ ಭುಜವನ್ನು ನಂಬಿ ನಿಂತುದರಿಂದ ಹಿಂದಿನದರ ತಪ್ಪೂ ಅದಕ್ಕೆ ಬಳುವಳಿಯಾಗಿ ಬರುತ್ತಿತ್ತು. ಆದಕಾರಣ ಆತನು ನೂರಾರು ಮೈಲಿಗಳಿಗೊಮ್ಮೆ ನಿಂತು, ಲೆಕ್ಕದಿಂದ ಬಂದ ಉದ್ದವನ್ನು ನೆಲದ ಮೇಲೆ ನಿಜವಾಗಿ ಅಳೆದು ತಾಳೆ ನೋಡುತ್ತಿದ್ದನು. ಬೀದರದ ಹತ್ತಿರದ ಆಧಾರರೇಖೆಯನ್ನು 1815ರಲ್ಲಿ ಅಳೆದುದು ಇದಕ್ಕಾಗಿಯೇ. 1841ರಲ್ಲಿ ಅದನ್ನು ಮತ್ತಷ್ಟು ಉತ್ತಮವಾದ ಸಲಕರಣೆಗಳಿಂದ ಪುನಃ ಅಳೆದರು. ಸ್ಕ್ಯಾನರಿನ ಚಿತ್ರಗಳಿಗೆ ತಮ್ಮೊಳಗಿನ ಹೊಲಿಗೆಯಲ್ಲದೆ ಇಂಥ ಬೇರೊಂದು ಆಧಾರರೇಖೆಯಿಲ್ಲ. ಹಲ್ಲುಗಳಿದ್ದಲ್ಲಿ ಅವುಗಳ ಉಬ್ಬುತಗ್ಗುಗಳೇ ಗುರುತಾಗಿ ಹೊಲಿಗೆ ಚೆನ್ನಾಗಿ ಕೂಡುವುದು. ಹಲ್ಲೇ ಇಲ್ಲದ ನುಣ್ಣನೆಯ ಒಸಡಿನ ಮೇಲೆ, ಅದೂ ಜೊಲ್ಲಿನಿಂದ ಹೊಳೆಯುತ್ತಿರುವಾಗ, ಯಂತ್ರದ ಅವಸ್ಥೆಯು ಮರವೂ ಗುಡ್ಡವೂ ಇಲ್ಲದ ಎರೆಹೊಲದಲ್ಲಿ ದಿಕ್ಕು ತಪ್ಪಿದವನಂತಾಗುವುದು.

ಜ್ಯೂರಿಕ್ಕಿನ ಎಂಡರ್ ಮತ್ತು ಮೇಲ್ ಎಂಬ ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇದಕ್ಕೆ ಸಾಕ್ಷಿ. ಅದನ್ನು ಹೇಳುವ ಮೊದಲು ಒಂದು ಪರಿಭಾಷೆಯನ್ನು ಬಿಡಿಸಬೇಕು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು 1994ರ ತನ್ನ 5725ನೆಯ ಮಾನಕದಲ್ಲಿ ನಿಷ್ಠೆಯನ್ನು ಎರಡಾಗಿ ಒಡೆದಿದೆ. ಅಳತೆಯು ವಸ್ತುಸ್ಥಿತಿಗೆ ಎಷ್ಟು ಹತ್ತಿರ ಎಂಬುದು ಯಾಥಾರ್ಥ್ಯ. ಮತ್ತೆ ಮತ್ತೆ ಅಳೆದಾಗ ಬಂದ ಫಲಗಳು ತಮ್ಮತಮ್ಮೊಳಗೆ ಎಷ್ಟು ಹತ್ತಿರ ಎಂಬುದು ಏಕರೂಪತೆ. ಲಿಪಿಕಾರನೊಬ್ಬನು ಹತ್ತು ಪ್ರತಿಗಳಲ್ಲಿಯೂ ಹಳಗನ್ನಡದ ಱಕಾರವನ್ನು ತಪ್ಪದೆ ರಕಾರವಾಗಿ ಬರೆದರೆ ಅವನಲ್ಲಿ ಏಕರೂಪತೆಯಿದೆ, ಯಾಥಾರ್ಥ್ಯವಿಲ್ಲ. ಎಲ್ಲ ಪ್ರತಿಗಳೂ ಒಂದೇ ಪಾಠವನ್ನು ಕೊಡುತ್ತವೆಂಬ ಕಾರಣದಿಂದ ಆ ಪಾಠವನ್ನು ಶುದ್ಧವೆಂದು ನಂಬಿ ಮೋಸಹೋದ ಸಂಪಾದಕರನ್ನು ವಾಚಕರು ಬಲ್ಲರು. ಆ ಪರೀಕ್ಷೆಯಲ್ಲಿ ಹಲ್ಲುಗಳುಳ್ಳ ಒಂದು ಪೂರ್ಣ ದವಡೆಯ ಮಾದರಿಯಿಂದ ರಬ್ಬರಿನಂಥ ದ್ರವ್ಯದಲ್ಲಿ ತೆಗೆದ ಅಚ್ಚುಗಳು ಯಾಥಾರ್ಥ್ಯದಲ್ಲಿ ಸುಮಾರು 20 ಮೈಕ್ರಾನ್, ಏಕರೂಪತೆಯಲ್ಲಿ ಸುಮಾರು 12 ಮೈಕ್ರಾನ್ ತಪ್ಪಿದುವು. ಆಗಿನ ಸ್ಕ್ಯಾನರಿನ ತಪ್ಪು ಯಾಥಾರ್ಥ್ಯದಲ್ಲಿ ಸುಮಾರು 58, ಏಕರೂಪತೆಯಲ್ಲಿ ಸುಮಾರು 32. ಅದರ ತಪ್ಪು ಎಲ್ಲೆಂದರಲ್ಲಿ ಚದರಿರದೆ ದವಡೆಯ ಉದ್ದಕ್ಕೂ ಒಂದು ಕ್ರಮದಲ್ಲಿ ಹಬ್ಬಿತ್ತೆಂಬುದನ್ನು ಗಮನಿಸಬೇಕು. ಬೆಸುಗೆಯ ತಪ್ಪಿನ ಲಕ್ಷಣವೇ ಅದು.

ಆದರೆ ಇಲ್ಲಿಗೇ ತೀರ್ಪು ಕೊಡುವುದು ಅನ್ಯಾಯ. ಆ ಸ್ಕ್ಯಾನರಿಗೂ ಇಂದಿನದಕ್ಕೂ ಬಹಳ ಅಂತರವಿದೆ. ಅನಂತರದ ಪರೀಕ್ಷೆಗಳಲ್ಲಿ ಕೆಲವು ಪೂರ್ಣ ದವಡೆಯಲ್ಲಿಯೂ ಎರಡು ಕ್ರಮಗಳನ್ನು ಸಮಾನವೆಂದಿವೆ, ಕೆಲವು ಹೊಸದನ್ನೇ ಮೇಲೆಂದಿವೆ, ಮತ್ತೆ ಕೆಲವು ಒಪ್ಪಿಲ್ಲ. ಇವುಗಳಲ್ಲಿ ಬಹುಪಾಲು ಮೇಜಿನ ಮೇಲಿನ ಮಾದರಿಗಳ ಪರೀಕ್ಷೆಗಳೇ ಹೊರತು ನಾಲಗೆ, ಜೊಲ್ಲು, ಬಾಯಾಕಳಿಕೆಗಳುಳ್ಳ ಜೀವಂತ ಬಾಯಿಯ ಪರೀಕ್ಷೆಗಳಲ್ಲ. ಬಾಯಿಯಲ್ಲಿ ಮೂಲವೇನೆಂಬುದನ್ನು ಅಳೆಯಲು ಮತ್ತೊಂದು ಅಚ್ಚೇ ಗತಿಯಾದುದರಿಂದ, ಅಚ್ಚಿನಿಂದ ಅಚ್ಚನ್ನು ಪರೀಕ್ಷಿಸುವ ವೃತ್ತದಲ್ಲಿ ಪರೀಕ್ಷಕನು ಸಿಲುಕುವನು. ಮೂಲಪ್ರತಿ ನಷ್ಟವಾದ ಕಾವ್ಯದ ಸಂಪಾದನೆಯಂತೆಯೇ ಇದು. ಒಂದೋ ಎರಡೋ ಬೇರುಗಳ ಚಿಕ್ಕ ಎಡೆಯಲ್ಲಿ ಮಾತ್ರ ವಿವಾದವು ಬಹುಮಟ್ಟಿಗೆ ಮುಗಿದಿದೆ: ಅಲ್ಲಿ ಬೆಳಕಿನ ಅಚ್ಚು ದ್ರವ್ಯದ ಅಚ್ಚಿಗೆ ಕಡಮೆಯಿಲ್ಲ. ಓಕರಿಕೆಯಿಲ್ಲ, ಪ್ರಯಾಣದಲ್ಲಿ ಕುಗ್ಗುವ ಭಯವಿಲ್ಲ, ತಪ್ಪಿದ ಭಾಗವನ್ನಷ್ಟೇ ಮತ್ತೆ ತೆಗೆಯಬಹುದು. ನನ್ನ ಎರಡು ಹಲ್ಲುಗಳನ್ನು ವೈದ್ಯರು ಸ್ಕ್ಯಾನಿನಿಂದಲೇ ಕಟ್ಟಿದರು.

ಕಲಬುರಗಿಯಲ್ಲಿ ಎಚ್.ಕೆ.ಇ. ಸಂಸ್ಥೆಯ ದಂತವೈದ್ಯ ಕಾಲೇಜೂ ಅಲ್-ಬದರ್ ಕಾಲೇಜೂ ಇರುವುದರಿಂದ ಆಳಂದ, ಅಫಜಲಪುರ, ಜೇವರ್ಗಿಗಳ ರೋಗಿಗೆ ಮುಂಚಿನಷ್ಟು ಅಲೆದಾಟವಿಲ್ಲ. ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜೇ 1958ರಲ್ಲಿ ಹುಟ್ಟಿದುದೆಂಬುದನ್ನು ನೆನೆದರೆ ಈ ಬೆಳವಣಿಗೆಯ ವೇಗವು ತಿಳಿಯುವುದು. ಚಿತ್ರರೂಪದ ಅಚ್ಚು ಕ್ಷಣಮಾತ್ರದಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬಲ್ಲುದಾದುದರಿಂದ ದೂರದ ಊರಿನವರಿಗೆ ಅದರ ಪ್ರಯೋಜನವು ಪಟ್ಟಣಿಗರಿಗಿಂತ ಹೆಚ್ಚು. ಆದರೆ ಹಲ್ಲೆಲ್ಲ ಹೋದ ಮುದುಕನ ಪೂರ್ಣ ದವಡೆಯೇ ಹೆಚ್ಚು ಹೊಲಿಗೆಗಳನ್ನು ಬೇಡುವುದು. ಅಂಥವರೇ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಕಣ್ಣಿಗೆ ಬೀಳುವರು. ಯಂತ್ರವು ಹೊಸದೆಂಬ ಒಂದೇ ಕಾರಣದಿಂದ ಅದನ್ನು ಅವರ ಮೇಲೆ ಹೇರುವುದು ನನಗೆ ಸರಿಗಾಣದು.

ಶಾಸನದ ಅಚ್ಚಿನಲ್ಲಿಯೂ ಈ ಬದಲಾವಣೆ ಬಂದಿದೆ. 1865ರಲ್ಲಿ ಮೇಜರ್ ಡಿಕ್ಸನನು ತೆಗೆದ ಛಾಯಾಚಿತ್ರಗಳನ್ನು ನೆಮ್ಮಿ ರೈಸರು 1879ರಲ್ಲಿ ಮೈಸೂರಿನ ಶಾಸನಗಳನ್ನು ಪ್ರಕಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಆ ಸುತ್ತಿನ ಕಲ್ಲುಗಳನ್ನು ಬೆಳಕಿನ ಯಂತ್ರದಿಂದ ಮೂರು ಆಯಾಮಗಳಲ್ಲಿ ಹಿಡಿಯುತ್ತಿದ್ದಾರೆ. ಅಲ್ಲಿ ಬೆಳಕು ಕಾಗದವನ್ನು ನಿಸ್ಸಂಶಯವಾಗಿ ಮೀರಿಸಿದೆ. ಏಕೆಂದರೆ ಕುಳಿಯ ಆಳವನ್ನು ಕಾಗದವು ಹೇಳಲಾರದು, ಬೊಟ್ಟು ಅನುಸ್ವಾರವೋ ಅಲ್ಲವೋ ಎಂಬುದು ಆಳದಿಂದಲೇ ತಿಳಿಯಬೇಕಾದುದು. ಅಕ್ಷರವನ್ನು ಓದಲು ಅದರ ಎಡೆಯೊಳಗಿನ ರೂಪ ಸರಿಯಿದ್ದರೆ ಸಾಕು. ಶಾಸನದ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವಿನ ದೂರ ಕೂದಲೆಳೆಯಷ್ಟು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ದವಡೆಯಲ್ಲಿ ಆ ದೂರವೇ ಮುಖ್ಯ.

ಆದಕಾರಣ ಪೂರ್ಣ ದವಡೆಯಲ್ಲಿ ಎಚ್ಚರವುಳ್ಳ ವೈದ್ಯರು ಎರಡನ್ನೂ ಕೂಡಿಸುವರು. ಕೆಲವರು ಬಾಯಿಯ ಹೊರಗೆ ಜೋಡಿ ಕ್ಯಾಮೆರಾಗಳನ್ನು ನಿಲ್ಲಿಸಿ ಎಲ್ಲ ಗುರುತುಗೂಟಗಳನ್ನೂ ಒಂದೇ ನೋಟದಲ್ಲಿ ಹಿಡಿಯುವರು. ಇದು ಲ್ಯಾಂಬ್ಟನನ ಆಧಾರರೇಖೆಯ ಕೆಲಸ. ಇನ್ನು ಕೆಲವರದು ಹೆಚ್ಚು ಸರಳವಾದ ಉಪಾಯ. ಅಚ್ಚು ಯಾವ ಬಗೆಯದಾದರೂ ಆಗಲಿ, ಅದರಿಂದ ಬಂದ ಮಾದರಿಯ ಮೇಲೆ ಬೇರುಗಳನ್ನು ಒಂದಕ್ಕೊಂದು ಬಂಧಿಸುವ ಪ್ಲಾಸ್ಟರಿನ ಪಟ್ಟಿಯೊಂದನ್ನು ಎರೆದು, ಅಸಲು ಹಲ್ಲು ಕಟ್ಟುವ ಮೊದಲು ಅದನ್ನು ಬಾಯಿಯಲ್ಲಿ ಕೂರಿಸಿ ತಿರುಪುಗಳನ್ನು ಮೆಲ್ಲನೆ ಬಿಗಿಯುವರು. ಲೋಹವಾದರೆ ಬಾಗಿ ತಪ್ಪನ್ನು ಮರೆಮಾಚುವುದು. ಪ್ಲಾಸ್ಟರು ಫಾಫನ ಕಾಲದಿಂದಲೂ ಬಾಗಲರಿಯದ ವಸ್ತು. ಅಳತೆ ತಪ್ಪಿದ್ದರೆ ಅದು ಬಾಯಿಯೊಳಗೇ ಚಿಟ್ಟೆಂದು ಬಿರಿಯುವುದು, ವೈದ್ಯರು ಅಚ್ಚನ್ನು ಹೊಸದಾಗಿ ತೆಗೆಯುವರು.